ಹಿಡಿದ ಕತ್ತಿಗೆ ಯಾವ ಸೂಜಿ?

ಅಡಿಕೆ ಸುಗ್ಗಿಯಲ್ಲಿ ಶಿರಸಿ, ಸಾಗರದ ಕಡೆ ರಾತ್ರಿಯಾದರೂ ಮೆಟ್ಟುಗತ್ತಿಯ ಮುಂದಿಂದ ಏಳದವರು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಾಗಿರುವವರು, ಮಂಗಳೂರು ಸುತ್ತಿನ ಹಳ್ಳಿಗಳಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು, ವೈಟ್‌ಫೀಲ್ಡ್‌ನಲ್ಲಿ ಲ್ಯಾಪ್‌ಟಾಪಿಗೆ ಕಣ್ಣು ನೆಟ್ಟವರು: ಇವರ ಸಂಪಾದನೆ ಒಂದೊಂದು ಥರ, ನೋವಿನ ಜಾಗ ಮಾತ್ರ ಒಂದೇ. ಕತ್ತಿನ ಬುಡದಿಂದ ಹೆಗಲಿನ ತುದಿಗೆ ಇಳಿಯುವ ಮಾಂಸದಲ್ಲಿ ಹೆಬ್ಬೆರಳಿಗೆ ಒಂದು ಗಂಟು ಸಿಗುತ್ತದೆ. ಒತ್ತಿದರೆ ಪ್ರಾಣ ಹೋದ ಹಾಗಾಗುತ್ತದೆ. ಅಲ್ಲಿಂದ ಹೊರಟ ಸೆಳೆತ ಕಿವಿಯ ಹಿಂಭಾಗದಿಂದ ಹಣೆಯ ಪಕ್ಕದವರೆಗೂ ಹರಿಯುತ್ತದೆ.

ಬಾಮ್ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸೋತವರು ಈಗ ಸೂಜಿಯ ಕಡೆ ತಿರುಗುತ್ತಿದ್ದಾರೆ. ಅಕ್ಯುಪಂಕ್ಚರ್, ಎಲೆಕ್ಟ್ರೋ ಅಕ್ಯುಪಂಕ್ಚರ್, ಡ್ರೈ ನೀಡ್ಲಿಂಗ್, ಕಪ್ಪಿಂಗ್ ಎಂದು ಸಾಲಾಗಿ ಬರೆದ ಬೋರ್ಡುಗಳು ತಾಲ್ಲೂಕು ಕೇಂದ್ರಗಳಲ್ಲೂ ಕಾಣುತ್ತವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮದೇ ಎನ್ನುತ್ತಾರೆ. ಹತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಿಸಿಕೊಳ್ಳುವವರೂ ಇದ್ದಾರೆ. ದಿನಗೂಲಿಯವರಿಗೆ ಅದು ಸಣ್ಣ ದುಡ್ಡಲ್ಲ, ಸಿಟ್ಟಿಂಗ್‌ಗೆ ಹೋದ ದಿನದ ಕೂಲಿಯೂ ಖೋತಾ. ಹಾಗಾಗಿ ಈ ಪದ್ಧತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಡೆಸಿದ ಪ್ರಯೋಗಗಳು ಏನು ಹೇಳುತ್ತವೆಂದು ತಿಳಿದುಕೊಂಡೇ ಮಂಚ ಹತ್ತುವುದು ಮೇಲು. ಅವನ್ನು ಓದಿ ನಾನು ಬಂದ ತೀರ್ಮಾನವನ್ನು ಈಗಲೇ ಹೇಳಿಬಿಡುತ್ತೇನೆ. ಸೂಜಿಯಿಂದ ಕತ್ತು, ಹೆಗಲಿನ ನೋವು ಹಲವರಿಗೆ ಇಳಿಯುತ್ತದೆ. ಆದರೆ ಅದು ಯಾವ ಪದ್ಧತಿಯ ಸೂಜಿ ಎಂಬುದರಿಂದ ಆಗುವ ವ್ಯತ್ಯಾಸ ಬಲು ಕಡಿಮೆ. ಚುಚ್ಚುವವರಿಗೆ ದೇಹರಚನೆ ಎಷ್ಟು ಗೊತ್ತು, ಚುಚ್ಚಿಸಿಕೊಂಡವರು ಆಮೇಲೆ ಹೆಗಲನ್ನು ಹೇಗೆ ಬಳಸುತ್ತಾರೆ ಎಂಬ ಎರಡು ಸಂಗತಿಗಳೇ ಹೆಚ್ಚು ಲೆಕ್ಕಕ್ಕೆ ಬರುತ್ತವೆ.

ಮೊದಲು ಆ ಗಂಟಿನ ವಿಚಾರ. ತಲೆಬುರುಡೆಯ ಹಿಂಭಾಗದಲ್ಲಿ ಶುರುವಾಗಿ, ಎರಡೂ ಹೆಗಲಿಗೆ ಚಾಚಿ, ಬೆನ್ನಿನ ನಡುವಿನವರೆಗೆ ಇಳಿಯುವ ಅಗಲವಾದ ಸ್ನಾಯುವಿಗೆ ಟ್ರೆಪೀಜಿಯಸ್ ಎಂದು ಹೆಸರು. ಭಾರ ಹೊತ್ತಾಗ ಅದು ನೋಯುವುದು ಸಹಜ. ಬೀಡಿ ಎಲೆಗೆ, ಬಟ್ಟೆಗೆ, ಕೀಬೋರ್ಡಿಗೆ ಎಂಥ ಭಾರ? ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸ್ನಾಯು ಕೆಲಸಕ್ಕೆ ಇಳಿಯುವಾಗ ಅದರೊಳಗಿನ ಸಣ್ಣ ಎಳೆಗಳ ಗುಂಪು ಮೊದಲು ಎಚ್ಚರಾಗುತ್ತದೆ. ದೊಡ್ಡ ಗುಂಪುಗಳು ಹೆಚ್ಚು ಬಲ ಬೇಕಾದಾಗ ಮಾತ್ರ ಬಂದು ಸೇರುತ್ತವೆ, ಬಲದ ಅಗತ್ಯ ತೀರಿದೊಡನೆ ಹೊರಟೂ ಹೋಗುತ್ತವೆ. ಕೊನೆಯವರೆಗೆ ಉಳಿಯುವುದು ಅದೇ ಸಣ್ಣ ಎಳೆಗಳು. ಕೈಯನ್ನು ತುಸು ಎತ್ತಿ ಹಿಡಿದು ಮಾಡುವ ಕೆಲಸದಲ್ಲಿ ಬಲ ಕಡಿಮೆ, ಹೊತ್ತು ಹೆಚ್ಚು. ಅಂಥ ಕೆಲಸದಲ್ಲಿ ಆ ಎಳೆಗಳಿಗೆ ಗಂಟೆಗಟ್ಟಲೆ ಬಿಡುವೇ ಸಿಗುವುದಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಸಿಂಡರೆಲಾಳ ಹೆಸರನ್ನು ಹೆಗ್ ಅವಕ್ಕೆ ಕೊಟ್ಟರು. ಅತ್ತಿತ್ತ ಅಲುಗದೆ ಕೂರುವ ಕೆಲಸಗಳು ಹೆಗಲನ್ನು ಯಾಕೆ ಇಷ್ಟು ಕಾಡುತ್ತವೆ ಎಂಬುದಕ್ಕೆ ನಾನು ಓದಿದ ವಿವರಣೆಗಳಲ್ಲಿ ಇದು ಮನಸ್ಸಿಗೆ ಹೆಚ್ಚು ಒಪ್ಪಿತವಾದದ್ದು.

ಸೂಜಿಗಳಲ್ಲಿ ಹಿರಿಯದು ಚೀನೀ ಪದ್ಧತಿ. ದೇಹದಲ್ಲಿ ‘ಚಿ’ ಎಂಬ ಚೈತನ್ಯ ಹರಿಯುವ ಹಾದಿಗಳಿವೆ, ತಡೆ ಉಂಟಾದಲ್ಲಿ ನೋವು ಹುಟ್ಟುತ್ತದೆ ಎಂಬುದು ಅದರ ನಂಬಿಕೆ. ಆ ಹಾದಿಗಳ ಮೇಲಿನ 361 ಬಿಂದುಗಳ ಜಾಗವನ್ನು ವಿಶ್ವ ಆರೋಗ್ಯ ಸಂಸ್ಥೆ ಪುಸ್ತಕವಾಗಿ ಪ್ರಕಟಿಸಿದೆ. ಕತ್ತು ಹಿಡಿದವರಿಗೆ ಸಾಮಾನ್ಯವಾಗಿ ತಲೆಬುರುಡೆಯ ಕೆಳಗಂಚಿನ ಕುಳಿಯಲ್ಲಿರುವ ಫೆಂಗ್‌ಚಿ, ಹೆಗಲಿನ ಮೇಲ್ಭಾಗದ ನಟ್ಟನಡುವಿನ ಜಿಯಾನ್‌ಜಿಂಗ್ ಬಿಂದುಗಳಿಗೆ ಚುಚ್ಚುತ್ತಾರೆ. ಜೊತೆಗೆ ಕಿರುಬೆರಳಿನ ಬುಡದ ಅಂಚಿನಂಥ ದೂರದ ಬಿಂದುವಿಗೂ ಒಂದು ಸೂಜಿ ಬೀಳುತ್ತದೆ. ಸೂಜಿಯ ದಪ್ಪ ಸುಮಾರು 0.25ರಿಂದ 0.30 ಮಿ.ಮೀ. ಚುಚ್ಚಿದ ಮೇಲೆ ಬೆರಳಲ್ಲಿ ತಿರುವುತ್ತಾರೆ. ಭಾರವಾದಂತೆ, ಜೋಮು ಹಿಡಿದಂತೆ, ಒಳಗೆ ಯಾರೋ ಒತ್ತಿದಂತೆ ಆಗಬೇಕು. ಚೀನೀ ವೈದ್ಯರು ‘ದೆ ಚಿ’ ಎನ್ನುವ ಆ ಅನುಭವ ಬಂದರೆ ಮಾತ್ರ ಸೂಜಿ ತಾಗಿತು ಎಂದು ಲೆಕ್ಕ. ಬಳಿಕ ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ.

ಜಪಾನಿನಲ್ಲಿ ಇದೇ ವಿದ್ಯೆ ಮೃದುವಾಯಿತು. ಅದರ ಹಿಂದೆ 1610ರಲ್ಲಿ ಹುಟ್ಟಿದ ಸುಗಿಯಾಮಾ ವಾಯಿಚಿ ಇದ್ದಾರೆ. ಎಳವೆಯಲ್ಲೇ ಕಣ್ಣು ಕಳೆದುಕೊಂಡವರು ಅವರು. ಸಣ್ಣ ಕೊಳವೆಯೊಳಗೆ ಸೂಜಿ ಇಟ್ಟು, ಮೇಲೆ ಚಾಚಿದ ತುದಿಯನ್ನು ಬೆರಳಿನಿಂದ ತಟ್ಟಿ ಚುಚ್ಚುವ ವಿಧಾನ ಬಳಕೆಗೆ ಬಂದದ್ದು ಅವರಿಂದ. ಕೊಳವೆ ಚರ್ಮವನ್ನು ಒತ್ತಿ ಹಿಡಿದಿರುವುದರಿಂದ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ, ಕಣ್ಣಿಲ್ಲದವರ ಕೈಗೂ ಹಿಡಿತ ಸಿಗುತ್ತದೆ. ದೃಷ್ಟಿಹೀನರಿಗೆ ಸೂಜಿವೈದ್ಯ ಕಲಿಸುವ ಶಾಲೆಗಳನ್ನು ಅವರು ತೆರೆದರು. ಇಂದಿಗೂ ಜಪಾನಿನಲ್ಲಿ ಅನೇಕ ದೃಷ್ಟಿಹೀನರು ಈ ವೃತ್ತಿಯಲ್ಲಿ ಗೌರವದಿಂದ ಬದುಕುತ್ತಿದ್ದಾರೆ. ವೈದ್ಯದ ಇತಿಹಾಸದಲ್ಲಿ ನನಗೆ ತುಂಬ ಹಿಡಿಸುವ ಅಧ್ಯಾಯ ಇದು. ಜಪಾನೀ ಸೂಜಿಯ ದಪ್ಪ 0.16ರಿಂದ 0.20 ಮಿ.ಮೀ. ಅಷ್ಟೇ, ಚುಚ್ಚುವ ಆಳವೂ ಕಡಿಮೆ. ಹೆಗಲು ಬಿಗಿಯುವುದು ಆ ದೇಶದಲ್ಲಿ ಮನೆಮನೆಯ ದೂರಾದ್ದರಿಂದ ಈ ಸೂಜಿಗೆ ಅಲ್ಲಿ ಕೆಲಸವೂ ಹೆಚ್ಚು.

ಡ್ರೈ ನೀಡ್ಲಿಂಗ್‌ನ ಹುಟ್ಟು ಬೇರೆ ಕಡೆ. ಅಮೆರಿಕದ ವೈದ್ಯೆ, ಅಧ್ಯಕ್ಷ ಜಾನ್ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟ ಜಾನೆಟ್ ಟ್ರಾವೆಲ್ ಸ್ನಾಯುವಿನ ಗಂಟುಗಳನ್ನು ‘ಟ್ರಿಗರ್ ಪಾಯಿಂಟ್’ ಎಂದು ಕರೆದರು. ಯಾವ ಗಂಟಿನಿಂದ ನೋವು ಎಲ್ಲಿಗೆ ಹರಿಯುತ್ತದೆ ಎಂದು ಚಿತ್ರ ಬರೆಸಿದರು, ಮರಗಟ್ಟಿಸುವ ಔಷಧಿಯನ್ನು ಗಂಟಿಗೇ ಇಂಜೆಕ್ಷನ್ ಕೊಟ್ಟರು. ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ ಬಂತು. ಅದಕ್ಕೂ ಮೊದಲೇ, 1979ರಲ್ಲಿ, ಚೆಕ್ ವೈದ್ಯ ಕಾರೆಲ್ ಲೆವಿಟ್ ಒಂದು ಕುತೂಹಲದ ಸಂಗತಿ ವರದಿ ಮಾಡಿದ್ದರು. ಔಷಧಿಯೇ ಇಲ್ಲದ ಸೂಜಿಯನ್ನು ಅತಿ ನೋವಿನ ಜಾಗಕ್ಕೆ ಸರಿಯಾಗಿ ಚುಚ್ಚಿದರೂ ನೋವು ತಕ್ಷಣ ಇಳಿಯುತ್ತದೆ! 241 ರೋಗಿಗಳ 312 ನೋವಿನ ತಾಣಗಳಲ್ಲಿ ನೂರಕ್ಕೆ 87ರಷ್ಟು ಕಡೆ ಹಾಗಾಯಿತು ಎಂದು ಅವರು ಬರೆದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಇಂಜೆಕ್ಷನ್‌ನಲ್ಲಿ ಔಷಧಿಗಿಂತ ಸೂಜಿಯ ಪಾಲೇ ದೊಡ್ಡದಿರಬಹುದು ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

ಡ್ರೈ ನೀಡ್ಲಿಂಗ್ ಮಾಡುವವರು ಬಹುಪಾಲು ಫಿಸಿಯೊಥೆರಪಿಸ್ಟರು. ಅವರು ಬಳಸುವುದು ಅಕ್ಯುಪಂಕ್ಚರ್ ಸೂಜಿಯನ್ನೇ, ಚೈತನ್ಯದ ಹಾದಿಯ ಮಾತಿಲ್ಲ ಅಷ್ಟೇ. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ಚುಚ್ಚಿ ಮೇಲೆ ಕೆಳಗೆ ಆಡಿಸುತ್ತಾರೆ. ಸರಿಯಾದ ಜಾಗ ಸಿಕ್ಕರೆ ಸ್ನಾಯು ಒಮ್ಮೆ ತಾನಾಗಿ ಅದುರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಶಾ ಮತ್ತು ಸಂಗಡಿಗರು ಟ್ರೆಪೀಜಿಯಸ್‌ನ ನೋಯುವ ಗಂಟಿನೊಳಗಿನ ದ್ರವವನ್ನು ಅತಿ ತೆಳು ಸೂಜಿಯಿಂದ ತೆಗೆದು ಪರೀಕ್ಷಿಸಿದಾಗ ಅಲ್ಲಿ ಆಮ್ಲೀಯತೆ ಹೆಚ್ಚಿತ್ತು, ನೋವು ಹುಟ್ಟಿಸುವ ರಾಸಾಯನಿಕಗಳು ಮಡುಗಟ್ಟಿದ್ದವು. ಸ್ನಾಯು ಅದುರಿದ ಬಳಿಕ ಅವುಗಳ ಪ್ರಮಾಣ ಇಳಿಯಿತು. ಆಸ್ಟ್ರೇಲಿಯಾದ ಜಾನ್ ಕ್ವಿಂಟ್ನರ್, ಮಿಲ್ಟನ್ ಕೋಹೆನ್ ಅವರಂಥ ವೈದ್ಯರಿಗೆ ಗಂಟೇ ನೋವಿನ ಮೂಲವೆಂಬ ವಾದ ಒಪ್ಪಿಗೆಯಿಲ್ಲ. ಒಬ್ಬರೇ ರೋಗಿಯನ್ನು ಇಬ್ಬರು ಪರೀಕ್ಷಿಸಿದರೆ ಗಂಟು ಒಂದೇ ಕಡೆ ಸಿಗುವುದಿಲ್ಲ ಎಂಬುದು ಟೀಕಾಕಾರರ ದೊಡ್ಡ ಆಕ್ಷೇಪ. ಚಿಕಿತ್ಸೆಯ ಮಾರನೇ ದಿನ ಪೆಟ್ಟು ಬಿದ್ದಂತೆ ನೋಯುವುದು ಡ್ರೈ ನೀಡ್ಲಿಂಗ್‌ನ ಜೊತೆಗೇ ಬರುವ ಕಷ್ಟ. ಮರುದಿನ ಮಷಿನ್ ಮುಂದೆ ಕೂರಲೇಬೇಕಾದವರು ಇದನ್ನು ಮೊದಲೇ ತಿಳಿದಿರಬೇಕು.

ಎಲೆಕ್ಟ್ರೋ ಅಕ್ಯುಪಂಕ್ಚರ್‌ನಲ್ಲಿ ಚುಚ್ಚಿದ ಸೂಜಿಗಳಿಗೆ ಕ್ಲಿಪ್ ಸಿಕ್ಕಿಸಿ ಹಗುರವಾದ ವಿದ್ಯುತ್ ಹರಿಸುತ್ತಾರೆ. ಬೀಜಿಂಗಿನ ವಿಜ್ಞಾನಿ ಹಾನ್ ಜಿಶೆಂಗ್ ದಶಕಗಳ ಕಾಲ ಇದನ್ನು ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಪರಿಶೀಲಿಸಿದರು. ಸೆಕೆಂಡಿಗೆ 2 ಬಾರಿ ಮಿಡಿಯುವ ವಿದ್ಯುತ್ತಿಗೆ ನರಮಂಡಲ ಎಂಡಾರ್ಫಿನ್, ಎನ್‌ಕೆಫಾಲಿನ್‌ಗಳನ್ನೂ, 100 ಬಾರಿ ಮಿಡಿಯುವ ವಿದ್ಯುತ್ತಿಗೆ ಡೈನಾರ್ಫಿನ್ ಅನ್ನೂ ಬಿಡುಗಡೆ ಮಾಡುತ್ತದೆ ಎಂದು ಅವರು ತೋರಿಸಿದರು. ದೇಹವೇ ತಯಾರಿಸುವ ಈ ನೋವುನಿವಾರಕಗಳ ಶೋಧ ಸೂಜಿವೈದ್ಯಕ್ಕೆ ಪ್ರಯೋಗಾಲಯದ ಬಾಗಿಲು ತೆರೆಯಿತು. ಎಷ್ಟು ವಿದ್ಯುತ್, ಎಷ್ಟು ಹೊತ್ತು ಎಂದು ಅಳೆದು ಕೊಡಬಹುದಾದ್ದು ಈ ವಿಧಾನದ ಅನುಕೂಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇದರ ಹತ್ತಿರ ಸುಳಿಯಬಾರದು.

ಕಪ್ಪಿಂಗ್‌ನಲ್ಲಿ ಸೂಜಿಯಿಲ್ಲ. ಬಟ್ಟಲೊಳಗಿನ ಗಾಳಿ ತೆಗೆದು ಚರ್ಮವನ್ನು ಮೇಲಕ್ಕೆ ಎಳೆಯುತ್ತಾರೆ, ದುಂಡಗಿನ ಕಲೆ ಕೆಲವು ದಿನ ಉಳಿಯುತ್ತದೆ. ಯುನಾನಿಯಲ್ಲಿ ಹಿಜಾಮಾ ಎನ್ನುವುದು ಇದನ್ನೇ. ಹೆಗಲಿಗೆ ಹಿತವೆನಿಸಿದರೂ ಇದರ ಬಗ್ಗೆ ಗಟ್ಟಿ ಪ್ರಯೋಗಗಳು ಕಡಿಮೆ. ಸೂಜಿಯೆಂದರೆ ಬೆವರುವವರಿಗೆ ಬೆರಳಿನಿಂದ ಒತ್ತುವ ಅಕ್ಯುಪ್ರೆಶರ್ ಇದೆ, ಲೇಸರ್ ಕೂಡ ಇದೆ.

ಇವುಗಳಲ್ಲಿ ಗೆಲ್ಲುವುದು ಯಾವುದು? ಕತ್ತುನೋವಿನ ಮೇಲೆಯೇ ನಡೆದ ಎರಡು ಸಣ್ಣ ಪ್ರಯೋಗಗಳನ್ನು ನೋಡಿ. ಜರ್ಮನಿಯಲ್ಲಿ ಡೊಮಿನಿಕ್ ಇರ್ನಿಶ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಮಂದಿ ಇದ್ದರು. ಒಬ್ಬೊಬ್ಬರಿಗೂ ಬೇರೆಬೇರೆ ದಿನ ಮೂರೂ ಬಗೆಯ ಚಿಕಿತ್ಸೆ ಆಯಿತು: ನೋಯುವ ಗಂಟಿಗೇ ಡ್ರೈ ನೀಡ್ಲಿಂಗ್, ಕೈಕಾಲಿನ ದೂರದ ಬಿಂದುಗಳಿಗೆ ಅಕ್ಯುಪಂಕ್ಚರ್, ಕೆಲಸ ಮಾಡದ ನಕಲಿ ಲೇಸರ್. ಕತ್ತು ತಿರುಗಿಸುವಾಗಿನ ನೋವನ್ನು ಆ ಕ್ಷಣದಲ್ಲಿ ಹೆಚ್ಚು ಇಳಿಸಿದ್ದು ದೂರದ ಬಿಂದುಗಳ ಸೂಜಿ. ಡ್ರೈ ನೀಡ್ಲಿಂಗ್ ಅಷ್ಟು ಫಲ ಕೊಡಲಿಲ್ಲ. ಐದು ವರ್ಷದ ಬಳಿಕ ಜಪಾನಿನ ಕಜುನೊರಿ ಇತೊ ತಂಡ 40 ಹಿರಿಯ ರೋಗಿಗಳನ್ನು ನಾಲ್ಕು ಗುಂಪು ಮಾಡಿತು. ಒಂದಕ್ಕೆ ಸಾಂಪ್ರದಾಯಿಕ ಬಿಂದುಗಳು, ಒಂದಕ್ಕೆ ಟ್ರಿಗರ್ ಪಾಯಿಂಟ್, ಒಂದಕ್ಕೆ ಅದೇ ಸ್ನಾಯುವಿನಲ್ಲಿ ಗಂಟಿಲ್ಲದ ಜಾಗ, ಇನ್ನೊಂದಕ್ಕೆ ನಕಲಿ. ಇಲ್ಲಿ ಗೆದ್ದದ್ದು ಗಂಟಿಗೆ ಚುಚ್ಚಿದ ಗುಂಪು. ಒಂದೇ ಪ್ರಶ್ನೆಗೆ ಎರಡು ಪ್ರಾಮಾಣಿಕ ತಂಡಗಳಿಂದ ಎದುರುಬದುರು ಉತ್ತರ ಬಂತು. ಒಂದು ಗುಂಪಿನಲ್ಲಿ ಹತ್ತು ಜನ ಇರುವ ಪ್ರಯೋಗವನ್ನು ಹಿಡಿದು ‘ನಮ್ಮದೇ ವೈಜ್ಞಾನಿಕ’ ಎಂದು ಬೋರ್ಡು ಬರೆಸುವುದು ಸರಿಯಲ್ಲ, ಅದು ಯಾವ ಪದ್ಧತಿಯವರಾದರೂ.

ದೊಡ್ಡ ಸಂಖ್ಯೆಯ ಪ್ರಯೋಗಗಳು ಪದ್ಧತಿಗಳನ್ನು ಒಂದಕ್ಕೊಂದು ಹೋಲಿಸದಿದ್ದರೂ ಸೂಜಿಯ ಒಟ್ಟು ಬೆಲೆ ಎಷ್ಟೆಂದು ಹೇಳುತ್ತವೆ. ಅಮೆರಿಕದ ಆಂಡ್ರೂ ವಿಕರ್ಸ್ ತಂಡ 2012ರಲ್ಲಿ 29 ಪ್ರಯೋಗಗಳ 17,922 ರೋಗಿಗಳ ಮೂಲ ಮಾಹಿತಿಯನ್ನೇ ಒಟ್ಟು ಮಾಡಿತು. ಬೆನ್ನು, ಕತ್ತು, ಹೆಗಲು, ಮೊಣಕಾಲು, ತಲೆನೋವು ಎಲ್ಲ ಅದರಲ್ಲಿದ್ದವು. ಅವರು ಕೊಟ್ಟ ಉದಾಹರಣೆ ಸುಲಭವಾಗಿದೆ: ನೂರಕ್ಕೆ 60 ಅಂಕದ ನೋವಿನಿಂದ ಶುರು ಮಾಡಿದವರು ಸೂಜಿಯಿಲ್ಲದೆ 43ಕ್ಕೆ ಇಳಿಯುತ್ತಾರೆ, ನಕಲಿ ಸೂಜಿಯಲ್ಲಿ 35ಕ್ಕೆ, ನಿಜವಾದ ಸೂಜಿಯಲ್ಲಿ 30ಕ್ಕೆ. ನಕಲಿ ಎಂದರೆ ಬಿಂದುವಿಲ್ಲದ ಕಡೆ ಚುಚ್ಚಿದ್ದು, ಮೇಲುಮೇಲಕ್ಕೆ ಚುಚ್ಚಿದ್ದು ಅಥವಾ ಚರ್ಮಕ್ಕೆ ತಾಗಿ ಹಿಡಿಯೊಳಕ್ಕೆ ಸರಿಯುವ ಮೊಂಡು ಸೂಜಿ.

ಈ ಮೂರು ಅಂಕಿಗಳಲ್ಲಿ ಇಡೀ ವಿವಾದ ಅಡಗಿದೆ. ಸೂಜಿವೈದ್ಯದ ಪರವಾದವರು 43 ಮತ್ತು 30ರ ನಡುವಿನ ಅಂತರ ತೋರಿಸುತ್ತಾರೆ, ವಿರೋಧಿಗಳು 35 ಮತ್ತು 30ರದ್ದು. ನನ್ನ ಮಟ್ಟಿಗೆ ಎರಡೂ ನಿಜ. ಚೈತನ್ಯದ ಹಾದಿಗಳೆಂಬ ರಚನೆ ದೇಹದಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಬಿಂದು ತಪ್ಪಿದರೂ ಬಹುಪಾಲು ಲಾಭ ಸಿಗುತ್ತದೆ ಎಂದಾದರೆ ನಕ್ಷೆಯ ಪಾಲು ಸಣ್ಣದೇ ಸರಿ. ಅರ್ಧ ಗಂಟೆ ಮಲಗಿ ಸಿಕ್ಕ ವಿಶ್ರಾಂತಿ, ಗಮನ ಕೊಟ್ಟು ಕೇಳಿದ ವೈದ್ಯರು, ವಾಸಿಯಾಗುತ್ತದೆಂಬ ಭರವಸೆ, ಚರ್ಮಕ್ಕೆ ತಾಗಿದ ಚುಚ್ಚು ಎಲ್ಲ ಸೇರಿ ನೋವು ಇಳಿಯುತ್ತದೆ. ಇಳಿದ ನೋವು ಸುಳ್ಳಲ್ಲ. ಅದು ತಿಂಗಳುಗಟ್ಟಲೆ ಬಾಳುವುದೂ ಉಂಟು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಹ್ಯೂ ಮ್ಯಾಕ್‌ಫರ್ಸನ್ ತಂಡ ಹಳೆಯ ಕತ್ತುನೋವಿನ 517 ಮಂದಿಯ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 12 ಸಿಟ್ಟಿಂಗ್‌ಗಳವರೆಗೆ ಸೂಜಿ ಪಡೆದವರ ನೋವು ವರ್ಷದ ಕೊನೆಗೂ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಬರೀ ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗಿಂತ ಇದು ಉತ್ತಮ. ಆದರೆ ಅದೇ ಪ್ರಯೋಗದ ಇನ್ನೊಂದು ಗುಂಪು ಸೂಜಿಯನ್ನೇ ಕಂಡಿರಲಿಲ್ಲ. ಕೂರುವ, ನಿಲ್ಲುವ, ತಲೆ ಎತ್ತುವ ಅಭ್ಯಾಸಗಳನ್ನು ತಿದ್ದುವ ಅಲೆಕ್ಸಾಂಡರ್ ತಂತ್ರದ ಪಾಠ ಕಲಿತ ಆ ಗುಂಪಿಗೂ ಅಷ್ಟೇ ಲಾಭವಾಗಿತ್ತು.

ಬ್ರಿಟನ್ನಿನ ಸರ್ಕಾರಿ ಚಿಕಿತ್ಸಾ ಮಾರ್ಗದರ್ಶಿ ಸಂಸ್ಥೆ ನೈಸ್ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡವೆಂದಿತು. 2021ರಲ್ಲಿ, ಬೇರೆ ಕಾರಣ ಕಾಣದೆ ದೀರ್ಘಕಾಲ ಕಾಡುವ ನೋವಿಗೆ ಒಂದು ಸುತ್ತು ಅಕ್ಯುಪಂಕ್ಚರ್ ಅಥವಾ ಡ್ರೈ ನೀಡ್ಲಿಂಗ್ ಕೊಡಬಹುದು ಎಂದಿತು. ಎರಡನ್ನೂ ಅದು ಒಂದೇ ಸಾಲಿನಲ್ಲಿ ಇಟ್ಟಿದೆ, ಜೊತೆಗೆ ಇಡೀ ಸುತ್ತಿಗೆ ಚಿಕಿತ್ಸಕರ ಐದು ಗಂಟೆಗಿಂತ ಹೆಚ್ಚು ಸಮಯ ಹೋಗಬಾರದೆಂಬ ಮಿತಿಯನ್ನೂ ಹಾಕಿದೆ. ತಿಂಗಳಾನುಗಟ್ಟಲೆ ಸೂಜಿ ಹಾಕಿಸಿಕೊಳ್ಳುತ್ತಿರುವವರು ಈ ಮಿತಿಯನ್ನು ಗಮನಿಸಬೇಕು.

ಪದ್ಧತಿಗಳ ನಡುವೆ ಇಷ್ಟು ಕಡಿಮೆ ಅಂತರವಿರುವಾಗ ಕೈ ಯಾರದ್ದು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಭಾರತಕ್ಕೆ ಈ ವಿದ್ಯೆ ತಂದವರು ವೈದ್ಯರೇ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಜೊತೆಗಿದ್ದ ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು ಕೋಲ್ಕತ್ತದಲ್ಲಿ ಚಿಕಿತ್ಸೆ ಆರಂಭಿಸಿದರು. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವೆಂದೂ 2019ರಲ್ಲಿ ಸ್ವತಂತ್ರ ಪದ್ಧತಿಯೆಂದೂ ಒಪ್ಪಿತು. ಕರ್ನಾಟಕದಲ್ಲಿ ಉಜಿರೆಯಂಥ ಕಡೆ ಕಲಿಸುವ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಇದೆ, ಅಲ್ಲಿ ಅಂಗರಚನಾಶಾಸ್ತ್ರವನ್ನೂ ಓದುತ್ತಾರೆ. ಕೆಲವೇ ವಾರಗಳ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿ ಸೂಜಿ ಹಿಡಿಯುವವರ ಬಗ್ಗೆ ನನಗೆ ಭಯವಿದೆ. ಅದಕ್ಕೆ ಕಾರಣ ಹೆಗಲಿನಲ್ಲೇ ಇದೆ.

ಶ್ವಾಸಕೋಶದ ತುದಿ ಕೊರಳಿನ ಮೂಳೆಗಿಂತ ಒಂದು ಅಂಗುಲದಷ್ಟು ಮೇಲಕ್ಕೆ ಬರುತ್ತದೆ. ಹೆಗಲುನೋವಿಗೆ ಎಲ್ಲರೂ ಚುಚ್ಚುವ ಜಿಯಾನ್‌ಜಿಂಗ್ ಅದರ ನೆರೆಯಲ್ಲೇ ಇದೆ. ಸಣಕಲು ಮೈಯವರಲ್ಲಿ ನೇರವಾಗಿ ಆಳಕ್ಕೆ ಇಳಿದ ಸೂಜಿ ಶ್ವಾಸಕೋಶದ ಪೊರೆಯನ್ನು ತೂತು ಮಾಡಬಲ್ಲದು. ಆಗ ಎದೆಗೂಡಿಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತದೆ. ಇದು ತೀರಾ ಅಪರೂಪ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಇಂಥವು ಎರಡೇ ಪ್ರಕರಣ. ನೂರಕ್ಕೆ ಎಂಟೊಂಬತ್ತು ಮಂದಿಗೆ ಆದದ್ದು ರಕ್ತ ಕಟ್ಟಿದ ಕಲೆ, ನೋವಿನಂಥ ಚಿಕ್ಕ ತೊಂದರೆ. ಆದರೆ ಅಲ್ಲಿ ಸೂಜಿ ಹಿಡಿದವರೆಲ್ಲ ತರಬೇತಿ ಪಡೆದ ವೈದ್ಯರು. ಬಲ್ಲವರು ಸ್ನಾಯುವನ್ನು ಬೆರಳಲ್ಲಿ ಎತ್ತಿ ಹಿಡಿದು, ಎದೆಗೂಡಿಗೆ ಎದುರಾಗದ ಹಾಗೆ ಚುಚ್ಚುತ್ತಾರೆ. ಹೆಗಲಿಗೆ ಸೂಜಿ ಹಾಕಿಸಿಕೊಂಡ ಕೆಲವು ಗಂಟೆಗಳಲ್ಲಿ ಎದೆ ಚುಚ್ಚಿದಂತಾಗಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದನ್ನು ಅಲ್ಲಿನ ವೈದ್ಯರಿಗೆ ಹೇಳಬೇಕು. ಸೂಜಿ ಪ್ರತಿ ಸಲ ಹೊಸ ಪ್ಯಾಕೆಟ್ಟಿನದೇ ಆಗಿರಬೇಕು, ನಿಮ್ಮ ಕಣ್ಣೆದುರೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಅದನ್ನು ಮೊದಲೇ ತಿಳಿಸಬೇಕು.

ಹೆಗಲು ನೋಯುವುದೆಲ್ಲ ಸ್ನಾಯುವಿನ ನೋವೂ ಅಲ್ಲ. ತೋಳಿಗೆ ಇಳಿದು ಬೆರಳು ಜೋಮು ಹಿಡಿಯುತ್ತಿದ್ದರೆ, ಲೋಟ ಕೈಯಿಂದ ಜಾರುತ್ತಿದ್ದರೆ ನರ ಒತ್ತಡಕ್ಕೆ ಸಿಕ್ಕಿರಬಹುದು. ನಡೆದಾಗ ಎಡ ಹೆಗಲಿನಲ್ಲಿ ನೋವಾಗಿ ಬೆವರಿದರೆ ಅದು ಹೃದಯದ ಕರೆಯಾಗಿರಬಹುದು. ಸಕ್ಕರೆ ಕಾಯಿಲೆಯವರಿಗೆ ತೋಳು ಮೇಲೆತ್ತಲಾಗದೆ ಕೀಲು ಗಟ್ಟಿಯಾಗುವುದು ಬೇರೆಯೇ ತೊಂದರೆ. ಜ್ವರ, ತೂಕ ಇಳಿಕೆ ಜೊತೆಗಿದ್ದರೂ ಮೊದಲು ವೈದ್ಯರು, ಆಮೇಲೆ ಸೂಜಿ.

ಸೂಜಿ ನೋವನ್ನು ಇಳಿಸಿದರೂ ದಣಿದ ಎಳೆಗಳಿಗೆ ಬಲ ಕೊಡಲಾರದು. ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ ತಂಡ ಕತ್ತು, ಹೆಗಲು ನೋಯುತ್ತಿದ್ದ 198 ಕಚೇರಿ ನೌಕರರಲ್ಲಿ ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12 ನಿಮಿಷ ವ್ಯಾಯಾಮ ಕೊಟ್ಟಿತು. ರಬ್ಬರಿನ ಎಳೆಪಟ್ಟಿಯನ್ನು ಕಾಲಡಿ ಮೆಟ್ಟಿ, ಎರಡೂ ಕೈಯಲ್ಲಿ ಹಿಡಿದು, ತೋಳುಗಳನ್ನು ಪಕ್ಕದಿಂದ ಹೆಗಲಿನ ಎತ್ತರಕ್ಕೆ ಎತ್ತಿ ಇಳಿಸುವುದು, ವಾರಕ್ಕೆ ಐದು ದಿನ. ಹತ್ತು ವಾರದ ಕೊನೆಗೆ ಎರಡೂ ಗುಂಪಿನವರ ನೋವು ಏನೂ ಮಾಡದವರಿಗಿಂತ ಇಳಿದಿತ್ತು. 2 ನಿಮಿಷದವರು 12 ನಿಮಿಷದವರಿಗಿಂತ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ಹೊಲಿಗೆಯ ಲೈನಿನಲ್ಲಿ ಈ ಎರಡು ನಿಮಿಷ ಬಿಡುವು ಕೊಡಲು ಯಾವ ಕಾರ್ಖಾನೆಗೂ ಕಷ್ಟವಾಗಬಾರದು.

ಸೂಜಿಯನ್ನೇ ಆರಿಸುವವರಿಗೆ ನನ್ನ ಸಲಹೆ ಇಷ್ಟು. ಮಾರನೇ ದಿನದ ಮೈನೋವು ಸಹಿಸಲಾಗದವರು, ಸೂಜಿಗೆ ಹೆದರುವವರು ಮೇಲುಮೇಲಕ್ಕೆ ಚುಚ್ಚುವ ಜಪಾನೀ ಬಗೆಯನ್ನು ಕೇಳಿ ಪಡೆಯಲಿ. ಬೆರಳಿಗೆ ಸ್ಪಷ್ಟವಾಗಿ ಸಿಗುವ ಒಂದೇ ಗಂಟು ಕಾಡುತ್ತಿದ್ದರೆ ಅನುಭವಿ ಫಿಸಿಯೊಥೆರಪಿಸ್ಟರ ಬಳಿ ಡ್ರೈ ನೀಡ್ಲಿಂಗ್ ನೋಡಬಹುದು. ಉಳಿದವರು ಹತ್ತಿರದಲ್ಲಿ ಸಿಗುವ, ಸರಿಯಾಗಿ ಓದಿದ ವೈದ್ಯರ ಪದ್ಧತಿ ಯಾವುದೋ ಅದನ್ನೇ ಹಿಡಿಯಲಿ. ನೋವು ತುಸು ಸಡಿಲಗೊಂಡ ವಾರದಲ್ಲೇ ರಬ್ಬರ್ ಪಟ್ಟಿ ಕೈಗೆತ್ತಿಕೊಳ್ಳಬೇಕು. ಹಣವನ್ನು ಆಯಾ ಸಿಟ್ಟಿಂಗ್‌ಗೇ ಕೊಡಿ, ನಾಲ್ಕೈದು ಆದ ಮೇಲೂ ಕತ್ತು ತಿರುಗುವುದರಲ್ಲಿ, ರಾತ್ರಿಯ ನಿದ್ದೆಯಲ್ಲಿ ಬದಲಾವಣೆ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ.